ಬೆವರು, ಮರಳು, ಕಪ್ಪು ಸೂರ್ಯ: ‘ಡ್ಯೂನ್: ಪಾರ್ಟ್ ಟೂ’ ಬಗ್ಗೆ ಚರ್ಚೆಗೆ ಕೂರುವ ಮುನ್ನ

ಫಿಲ್ಮ್ ಕ್ಲಬ್ಬಿನಲ್ಲಿ ಸೈನ್ಸ್ ಫಿಕ್ಷನ್ ಚಿತ್ರದ ಚರ್ಚೆ ಕೆಡುವುದಾದರೆ ಮೊದಲ ಹತ್ತು ನಿಮಿಷದಲ್ಲೇ ಕೆಡುತ್ತದೆ. ಭೌತಶಾಸ್ತ್ರ ಓದಿದ ಒಬ್ಬರು ‘ಇದೆಲ್ಲ ಸಾಧ್ಯವೇ ಇಲ್ಲ’ ಎಂದು ಶುರು ಮಾಡುತ್ತಾರೆ. ಕಾದಂಬರಿ ಓದಿದ ಇನ್ನಿಬ್ಬರು ‘ಪುಸ್ತಕದಲ್ಲಿ ಹೀಗಿಲ್ಲ’ ಎಂದು ಹಿಡಿದುಕೊಳ್ಳುತ್ತಾರೆ. ಎರಡೂ ಗೊತ್ತಿಲ್ಲದ ಉಳಿದವರು ತಾವು ನೋಡಿದ್ದನ್ನೇ ಹೇಳಲು ಹಿಂಜರಿದು ಸುಮ್ಮನಾಗುತ್ತಾರೆ. 2024ರ ಮಾರ್ಚ್ 1ರಂದು ಬಿಡುಗಡೆಯಾದ, 166 ನಿಮಿಷಗಳ ‘ಡ್ಯೂನ್: ಪಾರ್ಟ್ ಟೂ’ ಈ ಅಪಾಯಕ್ಕೆ ತಕ್ಕ ಉದಾಹರಣೆ. ಅದರಲ್ಲಿ ವಿಜ್ಞಾನವೂ ಇದೆ, ದಪ್ಪ ಕಾದಂಬರಿಯೊಂದರ ಬೆನ್ನೆಲುಬೂ ಇದೆ, ಧರ್ಮ-ರಾಜಕೀಯವೂ ಇದೆ. ಯಾವುದನ್ನು ಮೊದಲು ಎತ್ತಬೇಕು ಎಂಬುದು ನಡೆಸಿಕೊಡುವವರಿಗೆ ಸ್ಪಷ್ಟವಿಲ್ಲದಿದ್ದರೆ ಎರಡು ಗಂಟೆ ಮಾತಾಡಿದರೂ ಚಿತ್ರದ ಹತ್ತಿರ ಯಾರೂ ಹೋಗಿರುವುದಿಲ್ಲ.

ನಾನು ಒಪ್ಪುವ ಕ್ರಮ ಇದು. ಮೊದಲು, ಚಿತ್ರ ತನಗೆ ತಾನೇ ಹಾಕಿಕೊಂಡ ಕಟ್ಟಳೆಗಳು ಯಾವುವು ಎಂದು ಪಟ್ಟಿ ಮಾಡಬೇಕು. ಆಮೇಲೆ ಆ ಕಟ್ಟಳೆಗಳನ್ನು ಚಿತ್ರ ಎಲ್ಲಿ ಪಾಲಿಸಿತು, ಎಲ್ಲಿ ಮುರಿಯಿತು, ಮುರಿದದ್ದು ಯಾತಕ್ಕೆ ಎಂದು ಕೇಳಬೇಕು. ನಮ್ಮ ಲೋಕದ ಭೌತಶಾಸ್ತ್ರ ಇಲ್ಲಿ ಒಂದು ಅಳತೆಗೋಲು ಮಾತ್ರ, ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಸಾವಿರಾರು ವರ್ಷ ಮುಂದಿನ ಮರಳುಗ್ರಹ, ಅದರಲ್ಲಿ ನೂರಾರು ಮೀಟರ್ ಉದ್ದದ ಹುಳು, ಭವಿಷ್ಯ ಕಾಣಿಸುವ ಮಸಾಲೆ: ಇವಿಷ್ಟನ್ನು ಒಪ್ಪಿಕೊಂಡೇ ನಾವು ಟಿಕೆಟ್ ತೆಗೆದುಕೊಂಡಿದ್ದೇವೆ. ಒಪ್ಪಿದ ಮೇಲೆ ಅದನ್ನೇ ಪ್ರಶ್ನಿಸುತ್ತ ಕೂತರೆ ಚರ್ಚೆ ಮುಂದೆ ಹೋಗದು.

ಸಿದ್ಧತೆಯ ಬಗ್ಗೆ ಕೆಲವು ಮಾತು ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡರಿಂದ ಹದಿನೈದು ಜನ, ಒಂದೂವರೆ ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಜನವಾದರೆ ಎರಡು ಗುಂಪು ಮಾಡುವುದು ಮೇಲು, ಇಲ್ಲವಾದರೆ ಐದಾರು ಜನರೇ ಮಾತಾಡಿ ಮುಗಿಸುತ್ತಾರೆ. ಬಾಯಿ ತೆರೆಯುವ ಮುನ್ನ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು ಎರಡು ಸಾಲು ಬರೆಸಿ: ಮನಸ್ಸಿನಲ್ಲಿ ಉಳಿದ ಒಂದು ಶಾಟ್, ಆ ಶಾಟ್‌ನಲ್ಲಿ ಕ್ಯಾಮೆರಾ ಎಲ್ಲಿತ್ತು. ಬರೆಯದೆ ನೇರ ಮಾತಿಗಿಳಿದರೆ ಮೊದಲು ಮಾತಾಡಿದವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ‘ಇಷ್ಟವಾಯಿತಾ, ಇಲ್ಲವಾ’ ಎಂಬ ಸುತ್ತನ್ನು ಶುರುವಿನಲ್ಲಿ ಇಡಲೇಬೇಡಿ. ಒಮ್ಮೆ ಪಕ್ಷ ಹಿಡಿದ ಮೇಲೆ ಜನ ಅದನ್ನು ಸಮರ್ಥಿಸಿಕೊಳ್ಳುವುದರಲ್ಲೇ ಸಂಜೆ ಕಳೆಯುತ್ತಾರೆ.

ಯಾರು ಯಾವ ಪರದೆಯ ಮೇಲೆ ನೋಡಿದರು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಸಿ. ಇದು ಸಣ್ಣ ವಿಷಯವಲ್ಲ. ಈ ಚಿತ್ರವನ್ನು ಐಮ್ಯಾಕ್ಸ್ ಚೌಕಟ್ಟಿಗಾಗಿಯೇ ತೆಗೆದದ್ದು. ಅತಿ ಎತ್ತರದ ಐಮ್ಯಾಕ್ಸ್ ಪರದೆಗಳಲ್ಲಿ ಚೌಕಟ್ಟಿನ ಅನುಪಾತ 1.43:1, ಸಾಮಾನ್ಯ ಡಿಜಿಟಲ್ ಐಮ್ಯಾಕ್ಸ್‌ನಲ್ಲಿ 1.90:1, ಮಾಮೂಲಿ ಮಲ್ಟಿಪ್ಲೆಕ್ಸ್ ಪರದೆಯಲ್ಲಿ ಮತ್ತು ಮನೆಯ ಟೀವಿಯಲ್ಲಿ 2.39:1. ಅಗಲ ಒಂದೇ ಎಂದಿಟ್ಟುಕೊಂಡರೆ, 1.43ರ ಚೌಕಟ್ಟಿಗೆ ಹೋಲಿಸಿದಾಗ 1.90ರಲ್ಲಿ ಎತ್ತರದ ಕಾಲುಭಾಗ ಇರುವುದಿಲ್ಲ, 2.39ರಲ್ಲಿ ಸುಮಾರು 40 ಪ್ರತಿಶತ ಇರುವುದಿಲ್ಲ. ಕಥಾನಾಯಕ ಪಾಲ್ ಮೊದಲ ಸಲ ಹುಳುವಿನ ಬೆನ್ನೇರುವ ದೃಶ್ಯದಲ್ಲಿ ಒಬ್ಬರಿಗೆ ಮೇಲೂ ಕೆಳಗೂ ಬರೀ ಮರಳು ಕಂಡಿರುತ್ತದೆ, ಇನ್ನೊಬ್ಬರಿಗೆ ಅಡ್ಡಪಟ್ಟಿಯೊಂದು ಕಂಡಿರುತ್ತದೆ. ‘ಮನುಷ್ಯ ಎಷ್ಟು ಚಿಕ್ಕವನಾಗಿ ಕಾಣುತ್ತಾನೆ’ ಎಂಬ ಪ್ರಶ್ನೆಗೆ ಇವರಿಬ್ಬರ ಉತ್ತರ ಬೇರೆಯಾದರೆ ಅದು ಅಭಿಪ್ರಾಯಭೇದವಾಗಿರದೆ ಬರೀ ಪರದೆಭೇದವಾಗಿರಬಹುದು.

ದೃಶ್ಯಗಳನ್ನು ಮತ್ತೆ ಹಾಕಿ ತೋರಿಸುವ ಆಸೆ ಸಹಜ. ಆದರೆ ಓಟಿಟಿ ಖಾತೆಯಿಂದ ಪ್ರೊಜೆಕ್ಟರಿಗೆ ಹಾಕಲು ಹೋದರೆ ಹಲವು ಸಲ ಧ್ವನಿ ಬಂದು ಚಿತ್ರ ಕಪ್ಪಾಗಿರುತ್ತದೆ. ನಕಲು ತಡೆಯುವ ರಕ್ಷಣೆ ಎಚ್‌ಡಿಎಂಐ ತಂತಿಯವರೆಗೂ ಇರುತ್ತದೆ, ನಡುವಿನ ಒಂದು ಹಳೆಯ ಅಡಾಪ್ಟರ್ ಅದಕ್ಕೆ ಒಗ್ಗದಿದ್ದರೂ ಸಾಕು. ಮನೆಬಳಕೆಯ ಖಾತೆಯಿಂದ ಇಡೀ ಚಿತ್ರವನ್ನು ಸಭೆಗೆ ತೋರಿಸುವುದು ಆ ಸೇವೆಗಳ ಷರತ್ತಿಗೂ ವಿರುದ್ಧ, ಸಾರ್ವಜನಿಕ ಪ್ರದರ್ಶನಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಎಲ್ಲರೂ ಥಿಯೇಟರಿನಲ್ಲೋ ಮನೆಯಲ್ಲೋ ನೋಡಿಕೊಂಡು ಬರುವುದು, ಕ್ಲಬ್ಬಿನಲ್ಲಿ ನಿರ್ಮಾಪಕರೇ ಬಿಟ್ಟಿರುವ ಟ್ರೇಲರ್ ಮತ್ತು ಸ್ಟಿಲ್‌ಗಳನ್ನು ಮಾತ್ರ ಬಳಸುವುದು ಒಳ್ಳೆಯದು. ಈ ಚಿತ್ರದ ಟ್ರೇಲರುಗಳಲ್ಲಿ ಹುಳು ಸವಾರಿಯೂ ಇದೆ, ಕಪ್ಪು-ಬಿಳುಪು ಅಖಾಡವೂ ಇದೆ. ಚರ್ಚೆಗೆ ಬೇಕಾದ ಎರಡು ಮುಖ್ಯ ತುಣುಕು ಸಿಕ್ಕಹಾಗಾಯಿತು.

ನೀರಿನ ಕಟ್ಟಳೆ

ಕಥೆ ನಡೆಯುವ ಮರಳುಗ್ರಹ ಅರಾಕಿಸ್. ಅಲ್ಲಿನ ಮೊದಲ ಕಟ್ಟಳೆ ನೀರು. ಚಿತ್ರ ಇದನ್ನು ಆರಂಭದಲ್ಲೇ ಗಟ್ಟಿಯಾಗಿ ಹೂಡುತ್ತದೆ: ಆ ಗ್ರಹದ ಮೂಲನಿವಾಸಿಗಳಾದ ಫ್ರೆಮೆನ್ ಜನ ಸತ್ತ ಶತ್ರುಸೈನಿಕರ ಮೈಯಿಂದ ನೀರನ್ನು ಹೀರಿ ತೆಗೆಯುತ್ತಾರೆ. ವಯಸ್ಕರ ದೇಹತೂಕದ ಸುಮಾರು 60 ಪ್ರತಿಶತ ನೀರು, 70 ಕಿಲೋ ತೂಕದವನಲ್ಲಿ ಅದು 42 ಲೀಟರ್. ಅವರ ಶತ್ರು ಮನೆತನವಾದ ಹಾರ್ಕೊನನ್ನರ ನೀರು ಕಲುಷಿತ, ಯಂತ್ರಗಳನ್ನು ತಣ್ಣಗಿಡಲು ಮಾತ್ರ ಲಾಯಕ್ಕು ಎಂದು ಚಿತ್ರವೇ ಹೇಳುತ್ತದೆ. ಸತ್ತ ತಮ್ಮವರ ನೀರು ಮಾತ್ರ ಗುಹೆಯೊಳಗಿನ ಪವಿತ್ರ ಕೊಳಕ್ಕೆ ಸೇರುತ್ತದೆ, ಬಾಯಾರಿ ಸಾಯುತ್ತಿದ್ದರೂ ಅದನ್ನು ಯಾರೂ ಮುಟ್ಟರು. ಅರ್ಥವ್ಯವಸ್ಥೆ, ವೈರ, ಭಕ್ತಿ ಮೂರನ್ನೂ ಒಂದೇ ದ್ರವದಲ್ಲಿ ತೋರಿಸಿದ ಈ ಭಾಗ ನನಗೆ ಇಡೀ ಚಿತ್ರದ ಅತ್ಯಂತ ಶಿಸ್ತಿನ ಬರವಣಿಗೆ ಅನ್ನಿಸುತ್ತದೆ.

ಮೈಯ ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು ಮತ್ತೆ ಕುಡಿಯುವ ನೀರಾಗಿಸುವ ಉಡುಪು ಸ್ಟಿಲ್‌ಸೂಟ್. ಭೌತಶಾಸ್ತ್ರದವರಿಗೆ ಮಾತಾಡಲು ಸರಿಯಾದ ಜಾಗ ಇದೇ, ಏಕೆಂದರೆ ಇಲ್ಲಿ ಲೆಕ್ಕ ಹಾಕಬಹುದು, ಹಾಕಿದರೆ ಚಿತ್ರವೂ ಹೆಚ್ಚು ಅರ್ಥವಾಗುತ್ತದೆ. ಮರಳಿನಲ್ಲಿ ನಡೆಯಲು ಅದೇ ವೇಗದಲ್ಲಿ ಗಟ್ಟಿನೆಲದ ಮೇಲೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ನಡೆಯುತ್ತಿರುವವನ ಮೈ 400 ವಾಟ್ ಶಾಖ ಹೊರಹಾಕಬೇಕು ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಬೆವರು ಆವಿಯಾದಾಗ ಸುಮಾರು 24 ಲಕ್ಷ ಜೂಲ್ ಶಾಖ ಒಯ್ಯುತ್ತದೆ. 400 ವಾಟ್ ಅಂದರೆ ಗಂಟೆಗೆ 14.4 ಲಕ್ಷ ಜೂಲ್, ಹಾಗಾಗಿ ಗಂಟೆಗೆ 0.6 ಲೀಟರ್ ಬೆವರು ಆವಿಯಾಗಬೇಕು. ಇಲ್ಲಿಯವರೆಗೆ ಸರಿ. ತೊಡಕು ಮುಂದಿನ ಹೆಜ್ಜೆಯಲ್ಲಿದೆ. ಆ ಆವಿಯನ್ನು ಸೂಟಿನೊಳಗೇ ಮತ್ತೆ ನೀರಾಗಿಸಿದರೆ, ಹೊತ್ತೊಯ್ದ ಶಾಖವನ್ನೆಲ್ಲ ಅದು ಅಲ್ಲೇ ವಾಪಸ್ ಬಿಡುತ್ತದೆ. ಬೆವರಿನಿಂದ ಸಿಕ್ಕ ತಂಪು ಪೂರ್ತಿ ರದ್ದು. ಹೊರಗಿನ ಗಾಳಿ ಮೈಗಿಂತ ಬಿಸಿಯಾಗಿದ್ದರೆ ಶಾಖ ತಾನಾಗಿ ಹೊರಗೆ ಹರಿಯದು, ಫ್ರಿಜ್ ಮಾಡುವಂತೆ ಅದನ್ನು ಪಂಪ್ ಮಾಡಬೇಕು.

ಸೂಟಿನ ಪಂಪುಗಳು ನಡಿಗೆಯಿಂದಲೇ ನಡೆಯುತ್ತವೆ ಎಂಬುದು ಕಥೆಯ ಉತ್ತರ. ಅದನ್ನೂ ಲೆಕ್ಕಕ್ಕೆ ಹಿಡಿಯೋಣ. 35 ಡಿಗ್ರಿಯ ಚರ್ಮದಿಂದ 55 ಡಿಗ್ರಿಯ ಹೊರಮೈಗೆ 400 ವಾಟ್ ಸಾಗಿಸಲು ಆದರ್ಶ ಯಂತ್ರಕ್ಕೆ 26 ವಾಟ್ ಸಾಕು. ತಾನು ಬಳಸುವ ಶಕ್ತಿಯ ಮೂರು ಪಟ್ಟು ಶಾಖ ಸಾಗಿಸುವ ಸಾಧಾರಣ ಯಂತ್ರವಾದರೆ 130 ವಾಟ್‌ಗಿಂತ ಹೆಚ್ಚು ಬೇಕು. ಸ್ನಾಯುಗಳ ದಕ್ಷತೆ 25 ಪ್ರತಿಶತದ ಆಸುಪಾಸು. 130 ವಾಟ್ ಕೆಲಸ ಕೊಡಲು ದೇಹ 520 ವಾಟ್ ಉರಿಸಬೇಕು, ಅದರಲ್ಲಿ 390 ವಾಟ್ ಮತ್ತೆ ಶಾಖವೇ! ಹೊರಹಾಕಬೇಕಾದ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಅದನ್ನು ಹೊರಹಾಕಲು ಇನ್ನಷ್ಟು ತುಳಿಯಬೇಕು. ಆದರ್ಶ ಯಂತ್ರಕ್ಕೆ ಹತ್ತಿರವಿರುವ ಸೂಟಿದ್ದರೆ ಮಾತ್ರ ಈ ಸುಳಿಯಿಂದ ಪಾರು. ರಾತ್ರಿಯ ಮರುಭೂಮಿಯಲ್ಲಿ ಪರಿಸ್ಥಿತಿಯೇ ಬೇರೆ: ಗಾಳಿ ತಣ್ಣಗಾಗುತ್ತದೆ, ಮೋಡವಿಲ್ಲದ ಒಣ ಆಕಾಶಕ್ಕೆ ಮೈ ಶಾಖವನ್ನು ವಿಕಿರಣವಾಗಿ ಬಿಡಬಹುದು, ಸೂಟು ಪಂಪಿನ ಸಹಾಯವಿಲ್ಲದೆಯೂ ಕೆಲಸ ಮಾಡಬಹುದು. ಕಾದಂಬರಿಯ ಫ್ರೆಮೆನ್ನರು ಹಗಲಿಗೆ ಅಡಗಿ ರಾತ್ರಿ ನಡೆಯುವವರು ಎಂಬುದು ಈ ಲೆಕ್ಕದ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ.

ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲು ಐದು ನಿಮಿಷ ಕೊಡಿ, ಅಷ್ಟೇ. ಅದಾದ ಕೂಡಲೇ ಎತ್ತಬೇಕಾದ ಪ್ರಶ್ನೆ ಬೇರೆ ಇದೆ. ಉಸಿರಿನ ತೇವ ಕೂಡ ವ್ಯರ್ಥವಾಗಬಾರದು ಎಂಬ ಲೋಕದಲ್ಲಿ, ನಡುಹಗಲಿನ ಬಿಸಿಲಿನಲ್ಲಿ ಪಾತ್ರಗಳು ಮುಖಗವಸು ತೆಗೆದು, ತಲೆ ಬಿಟ್ಟುಕೊಂಡು ಉದ್ದಕ್ಕೂ ಮಾತಾಡುತ್ತವೆ. ಇದು ಉಷ್ಣಶಾಸ್ತ್ರದ ತಪ್ಪಲ್ಲ, ಚಿತ್ರ ತನ್ನದೇ ಕಟ್ಟಳೆಯನ್ನು ಮುರಿದದ್ದು. ಕಾರಣವೂ ಸ್ಪಷ್ಟ: ನಟರ ಮುಖ ಕಾಣಬೇಕು, ತುಟಿ ಕಾಣಬೇಕು. ನನ್ನ ಮಟ್ಟಿಗೆ ಸ್ಟಿಲ್‌ಸೂಟಿನ ಶಾಖದ ಸಮಸ್ಯೆಗಿಂತ ಇದೇ ದೊಡ್ಡ ಬಿರುಕು. ಪಾಲ್ ಒಲಿದ ಫ್ರೆಮೆನ್ ಯುವತಿ ಚಾನಿ ಮತ್ತು ಪಾಲ್ ದಿಬ್ಬದ ಮೇಲೆ ಕೂತು ಮಾತಾಡುವ ಗಳಿಗೆಯಲ್ಲಿ ಮುಖಗವಸು ಇಳಿಸುವುದನ್ನೇ ಒಂದು ದುಬಾರಿ ಕಾಣಿಕೆಯಂತೆ ತೋರಿಸಬಹುದಿತ್ತು, ಇಂಥ ಸಮಾಜದಲ್ಲಿ ಅದಕ್ಕಿಂತ ದೊಡ್ಡ ಒಲವಿನ ಸನ್ನೆ ಇನ್ನೇನಿದೆ? ಕಣ್ಣೀರಿನ ವಿಷಯದಲ್ಲಿ ಚಿತ್ರ ಇದನ್ನು ಮಾಡಿದೆ, ಪ್ರಜ್ಞೆ ತಪ್ಪಿದ ಪಾಲ್‌ನನ್ನು ಎಬ್ಬಿಸಲು ಚಾನಿಯ ಕಣ್ಣೀರೇ ಬೇಕಾಗುತ್ತದೆ. ಉಸಿರಿನ ವಿಷಯದಲ್ಲಿ ಮಾಡಲಿಲ್ಲ. ಗುಂಪಿನಲ್ಲಿ ಇದಕ್ಕೆ ಒಪ್ಪದವರು ಖಂಡಿತ ಇರುತ್ತಾರೆ, ಇರಬೇಕು.

ಮರಳಿನ ಮೇಲೆ ಲಯಬದ್ಧವಾಗಿ ಕುಟ್ಟಿದರೆ ಹುಳು ಬರುತ್ತದೆ ಎಂಬ ಕಟ್ಟಳೆಗೆ ನಮ್ಮ ಲೋಕದಲ್ಲೊಂದು ಗಟ್ಟಿ ಆಧಾರವಿದೆ. ಉತ್ತರ ಅಮೆರಿಕದ ಮರುಭೂಮಿಯ ಒಂದು ಚೇಳು ಮರಳಿನ ಮೇಲ್ಮೈಯಲ್ಲಿ ಹಾಯುವ ಕಂಪನದಿಂದಲೇ ಬೇಟೆ ಎಲ್ಲಿದೆ ಎಂದು ತಿಳಿಯುತ್ತದೆ. 1970ರ ದಶಕದಲ್ಲೇ ಇದು ಪ್ರಯೋಗದಿಂದ ಸಿದ್ಧವಾಗಿದೆ. ಸಡಿಲ ಮರಳಿನಲ್ಲಿ ಆ ಅಲೆಗಳ ವೇಗ ಸೆಕೆಂಡಿಗೆ ಸುಮಾರು 50 ಮೀಟರ್, ಗಟ್ಟಿ ಬಂಡೆಯಲ್ಲಿ ಸಾವಿರಾರು ಮೀಟರ್. ಆದರೆ ಚೇಳಿನ ಈ ಜಾಣ್ಮೆ ಕೆಲಸ ಮಾಡುವುದು ಅರ್ಧ ಮೀಟರಿನಷ್ಟು ದೂರಕ್ಕೆ. ಒಣ ಮರಳು ಕಂಪನವನ್ನು, ಅದರಲ್ಲೂ ಹೆಚ್ಚು ಆವೃತ್ತಿಯದನ್ನು, ಬೇಗ ನುಂಗುತ್ತದೆ. ಥಂಪರ್ ಎಂಬ ಕುಟ್ಟುವ ಸಲಕರಣೆ ನಿಧಾನ ಲಯದಲ್ಲಿ, ದಪ್ಪ ಸದ್ದಿನಲ್ಲಿ ಕುಟ್ಟುವುದು ಈ ಕಾರಣಕ್ಕೆ ಸರಿಯಾದ ಊಹೆ. ಕಿವಿಗಿಂತ ಎದೆಗೆ ತಾಗುವಂತೆ ಆ ಸದ್ದನ್ನು ಮಿಕ್ಸ್ ಮಾಡಿದ್ದಾರೆ. 2025ರ ಮಾರ್ಚ್‌ನಲ್ಲಿ ಚಿತ್ರಕ್ಕೆ ಬಂದ ಎರಡು ಆಸ್ಕರ್‌ಗಳಲ್ಲಿ ಒಂದು ಧ್ವನಿಗೆ, ಇನ್ನೊಂದು ವಿಷುಯಲ್ ಎಫೆಕ್ಟ್ಸ್‌ಗೆ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡಿದವರಿಗೆ ಈ ದಪ್ಪ ಸದ್ದು ಬಹುಪಾಲು ಕೇಳಿಸಿಯೇ ಇರುವುದಿಲ್ಲ, ಚಿಕ್ಕ ಸ್ಪೀಕರಿಗೆ ಆ ಆವೃತ್ತಿ ಎಟುಕದು. ಕ್ಲಬ್ಬಿನಲ್ಲಿ ಟ್ರೇಲರ್ ಹಾಕುವಾಗ ಪ್ರೊಜೆಕ್ಟರಿನ ಒಳಸ್ಪೀಕರ್ ನಂಬದೆ, ಸಬ್‌ವೂಫರ್ ಇರುವ ಒಂದು ಸೆಟ್ ತನ್ನಿ.

ಕಪ್ಪು ಸೂರ್ಯ

ಹಾರ್ಕೊನನ್ನರ ಗೀಡಿ ಪ್ರೈಮ್ ಗ್ರಹದ ದೃಶ್ಯಗಳನ್ನು ಬಹಳ ಜನ ‘ಕಪ್ಪು-ಬಿಳುಪು’ ಎಂದು ಹೇಳಿ ಮುಗಿಸುತ್ತಾರೆ. ಬಣ್ಣ ತೆಗೆದು ಮಾಡಿದ ಕಪ್ಪು-ಬಿಳುಪು ಅಲ್ಲ ಅದು. ಛಾಯಾಗ್ರಾಹಕ ಗ್ರೇಗ್ ಫ್ರೇಸರ್ ಆ ಹೊರಾಂಗಣ ದೃಶ್ಯಗಳನ್ನು ಮಾರ್ಪಡಿಸಿದ ಅಲೆಕ್ಸಾ 65 ಕ್ಯಾಮೆರಾದಲ್ಲಿ ಅತಿಗೆಂಪು ಬೆಳಕಿನಲ್ಲಿ ಚಿತ್ರೀಕರಿಸಿದರು. ಸಿಲಿಕಾನ್ ಸೆನ್ಸರ್ ಸ್ವಭಾವತಃ ಸುಮಾರು 1100 ನ್ಯಾನೋಮೀಟರ್‌ವರೆಗೆ ನೋಡಬಲ್ಲದು, ನಮ್ಮ ಕಣ್ಣು 700ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕ್ಯಾಮೆರಾಗಳಲ್ಲಿ ಆ ಹೆಚ್ಚಿನ ಬೆಳಕನ್ನು ತಡೆಯಲು ಒಂದು ಫಿಲ್ಟರ್ ಇರುತ್ತದೆ. ಅದನ್ನು ತೆಗೆದು, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದರೆ ಅತಿಗೆಂಪಿನ ಲೋಕ ಸಿಗುತ್ತದೆ. ಅತಿಗೆಂಪು ಚರ್ಮದ ಸ್ವಲ್ಪ ಒಳಗೆ ಹೊಕ್ಕು ಚದುರಿ ಬರುವುದರಿಂದ ಮುಖದ ಕಲೆ-ಗೆರೆಗಳು ಮಾಯವಾಗಿ ಚರ್ಮ ಹಾಲುಗಲ್ಲಿನಂತಾಗುತ್ತದೆ. ಬಟ್ಟೆಯ ವಿಷಯದಲ್ಲಿ ದೊಡ್ಡ ಪೇಚು: ಕಣ್ಣಿಗೆ ಕಡುಕಪ್ಪಾಗಿ ಕಾಣುವ ಎಷ್ಟೋ ಬಟ್ಟೆಗಳ ಬಣ್ಣ ಅತಿಗೆಂಪನ್ನು ಹೀರುವುದಿಲ್ಲ, ಕ್ಯಾಮೆರಾದಲ್ಲಿ ಅವು ತಿಳಿಬೂದಿಯಾಗಿಯೋ ಬಿಳಿಯಾಗಿಯೋ ಬರುತ್ತವೆ. ಹಾಗಾಗಿ ಉಡುಪುಗಳನ್ನು ಮುಂಚೆಯೇ ಈ ಕ್ಯಾಮೆರಾದಡಿ ಪರೀಕ್ಷಿಸಿ ಆರಿಸಬೇಕಾಗುತ್ತದೆ. ಆಮೇಲೆ ಎಡಿಟಿಂಗ್ ಟೇಬಲ್ ಮೇಲೆ ಬಣ್ಣಕ್ಕೆ ಮರಳೋಣವೆಂದರೆ ದಾರಿಯೇ ಇಲ್ಲ, ಬಣ್ಣದ ಮಾಹಿತಿ ದಾಖಲಾಗಿಯೇ ಇರುವುದಿಲ್ಲ.

ಇದನ್ನು ಕ್ಲಬ್ಬಿನಲ್ಲೇ ತೋರಿಸಬಹುದು. ಒಂದು ಟೀವಿ ರಿಮೋಟ್ ತನ್ನಿ, ಅದರ ತುದಿಯ ಬಲ್ಬನ್ನು ಫೋನಿನ ಮುಂಬದಿಯ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಫೋನಿನ ಪರದೆಯಲ್ಲಿ ಬಿಳಿಯೋ ನೇರಳೆಯೋ ಆದ ಮಿನುಗು ಕಾಣುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಕಾಣದಿದ್ದರೆ ಅಚ್ಚರಿಯಿಲ್ಲ, ಹಲವು ಫೋನುಗಳಲ್ಲಿ ಅಲ್ಲಿ ಫಿಲ್ಟರ್ ಗಟ್ಟಿ. ಕೋಣೆಯ ದೀಪ ತಗ್ಗಿಸಿ ಮಾಡಿದರೆ ಎಲ್ಲರಿಗೂ ಕಾಣುತ್ತದೆ. ಹೊಸ ರಿಮೋಟುಗಳಲ್ಲಿ ಕೆಲವು ಬ್ಲೂಟೂತ್‌ನವು, ಅವುಗಳಲ್ಲಿ ಏನೂ ಕಾಣದು, ಹಳೆಯ ಸೆಟ್‌ಟಾಪ್ ಬಾಕ್ಸಿನದೇ ಒಳ್ಳೆಯದು.

ಪ್ರಯೋಗ ಮುಗಿದ ಮೇಲೆ ಕೇಳಿ: ಆ ಗ್ರಹದ ಕಪ್ಪು ಸೂರ್ಯ ನಿಜಕ್ಕೂ ಅತಿಗೆಂಪನ್ನಷ್ಟೇ ಸೂಸುವುದಾದರೆ ನಮ್ಮಂಥ ಕಣ್ಣಿನವರಿಗೆ ಅಲ್ಲಿ ಹಗಲಲ್ಲೂ ಕತ್ತಲೆ. ಹಾಗಾದರೆ ಈ ದೃಶ್ಯಗಳಲ್ಲಿ ನೋಡುತ್ತಿರುವವರು ಯಾರು? ಚಿತ್ರ ಕಟ್ಟಳೆ ಹಾಕಿದೆ: ಮನೆಯೊಳಗೆ ಬಣ್ಣ, ಬಿಸಿಲಿಗೆ ಬಂದರೆ ಬಣ್ಣ ಸಾಯುತ್ತದೆ. ಆ ಕಟ್ಟಳೆಯನ್ನು ಕೊನೆಯವರೆಗೂ ಬಿಗಿಯಾಗಿ ಪಾಲಿಸಿದೆ. ಅಖಾಡದ ಮೇಲಿನ ಸಿಡಿಮದ್ದು ಕೂಡ ಶಾಯಿ ಚೆಲ್ಲಿದ ಹಾಗೆ ಕಪ್ಪಾಗಿ ಸಿಡಿಯುತ್ತದೆ. ಭೌತಶಾಸ್ತ್ರದ ಪ್ರಕಾರ ಸಡಿಲವಾದ ಈ ಊಹೆ ಸಿನಿಮಾದ ಒಳಗೆ ಒಂಚೂರೂ ಅಲ್ಲಾಡುವುದಿಲ್ಲ. ಮುಖಗವಸಿನ ಜೊತೆ ಇದನ್ನು ಪಕ್ಕಪಕ್ಕ ಇಟ್ಟು ನೋಡಿಸಿದರೆ, ಕಟ್ಟಳೆ ಎಂದರೆ ಏನು ಎಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಮರುಭೂಮಿಯ ದೃಶ್ಯಗಳ ಬಗ್ಗೆ ಒಂದು ಮಾತು. ವಿಷುಯಲ್ ಎಫೆಕ್ಟ್ಸ್ ಮೇಲ್ವಿಚಾರಕ ಪಾಲ್ ಲ್ಯಾಂಬರ್ಟ್ ಮೊದಲ ಭಾಗದಲ್ಲೇ ಹಸಿರು-ನೀಲಿ ಪರದೆ ಬಿಟ್ಟು ಮರಳಿನ ಬಣ್ಣದ ಪರದೆ ಬಳಸಿದ್ದರು. ನೀಲಿ ಪರದೆಯ ಬೆಳಕು ನಟರ ಕೆನ್ನೆ, ಉಡುಪಿನ ಅಂಚಿಗೆ ಬಡಿದು ನೀಲಿಛಾಯೆ ಉಳಿಸುತ್ತದೆ, ಆಮೇಲೆ ಅದನ್ನು ತಿದ್ದಿದರೂ ಮರಳಿನ ಬಿಸಿಬೆಳಕು ಬರುವುದಿಲ್ಲ. ಮರಳುಬಣ್ಣವನ್ನು ಗಣಕದಲ್ಲಿ ತಿರುವುಮುರುವು ಮಾಡಿದರೆ ನೀಲಿ ಸಿಗುತ್ತದೆ, ಬೇರ್ಪಡಿಸುವ ಕೆಲಸವೂ ನಡೆಯುತ್ತದೆ. ‘ಎಲ್ಲ ಕಂಪ್ಯೂಟರ್ ಗ್ರಾಫಿಕ್ಸ್’ ಎನ್ನುವವರಿಗೆ ಈ ಒಂದು ವಿವರ ಸಾಕು.

ಕಾದಂಬರಿ ಓದಿದವರಿಗೆ ಯಾವಾಗ ಮಾತು ಕೊಡಬೇಕು

ಕೊನೆಯ ಅರ್ಧಗಂಟೆಯಲ್ಲಿ. ಅಲ್ಲಿಯವರೆಗೆ ಅವರು ಕಾಯಬೇಕು, ಶುರುವಿನಲ್ಲೇ ಅದನ್ನು ಹೇಳಿಬಿಡಿ. ಫ್ರಾಂಕ್ ಹರ್ಬರ್ಟ್‌ರ ಕಾದಂಬರಿ ಪುಸ್ತಕವಾಗಿ ಬಂದದ್ದು 1965ರಲ್ಲಿ. ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ರಸ್ತೆಯನ್ನೂ ಊರನ್ನೂ ನುಂಗುತ್ತಿದ್ದ ಮರಳದಿಬ್ಬಗಳನ್ನು ಹುಲ್ಲು ನೆಟ್ಟು ಹಿಡಿದು ನಿಲ್ಲಿಸುವ ಸರ್ಕಾರಿ ಯೋಜನೆಯ ಬಗ್ಗೆ ಲೇಖನ ಬರೆಯಲು ಹೋಗಿ ಹರ್ಬರ್ಟ್ ಈ ವಸ್ತುವಿಗೆ ಬಂದರು. ಪರಿಸರವಿಜ್ಞಾನ ಆ ಕಾದಂಬರಿಯ ಬೇರು. ಚಿತ್ರದಲ್ಲಿ ಅದು ಬಹಳ ತೆಳುವಾಗಿದೆ, ಹಸಿರು ಗ್ರಹದ ಕನಸು ಮಾತಿನಲ್ಲಿ ಬಂದು ಹೋಗುತ್ತದೆ ಅಷ್ಟೆ. ನನ್ನ ದೊಡ್ಡ ತಕರಾರು ಇಲ್ಲಿಯದು.

ವ್ಯತ್ಯಾಸಗಳ ಪಟ್ಟಿ ಓದಲು ಬಿಡಬೇಡಿ. ಎರಡೇ ಸಾಕು. ಒಂದು, ಕಾಲ. ಕಾದಂಬರಿಯಲ್ಲಿ ವರ್ಷಗಳು ಕಳೆಯುತ್ತವೆ, ಪಾಲ್‌ನ ತಂಗಿ ಆಲಿಯಾ ಹುಟ್ಟಿ, ಪುಟ್ಟ ಮಗುವಾಗಿರುವಾಗಲೇ ಹಾರ್ಕೊನನ್ನರ ಯಜಮಾನ ಬ್ಯಾರನ್‌ನನ್ನು ಕೊಲ್ಲುತ್ತಾಳೆ. ಚಿತ್ರ ಎಲ್ಲವನ್ನೂ ಒಂಬತ್ತು ತಿಂಗಳೊಳಗೆ ತುರುಕುತ್ತದೆ, ಆಲಿಯಾ ಗರ್ಭದಲ್ಲೇ ಇರುತ್ತಾಳೆ, ಬ್ಯಾರನ್‌ನನ್ನು ಪಾಲ್ ಕೊಲ್ಲುತ್ತಾನೆ. ಇದರಿಂದ ಗೆದ್ದದ್ದು ವೇಗ. ಸೋತದ್ದು ನಂಬಿಕೆ ಬೆಳೆಯಲು ಬೇಕಾದ ಸಮಯ: ಇಡೀ ಒಂದು ಜನಾಂಗ ಇಷ್ಟು ಬೇಗ ಹೊರಗಿನವನೊಬ್ಬನ ಹಿಂದೆ ಹೊರಡುತ್ತದೆಯೇ? ಇದಕ್ಕೆ ಚಿತ್ರದ ಉತ್ತರವಿದೆ. ಬೆನೆ ಜೆಸೆರಿಟ್ ಎಂಬ ಸ್ತ್ರೀಯರ ಪಂಥ ಶತಮಾನಗಳ ಹಿಂದೆಯೇ, ಹೊರಗಿನಿಂದ ಒಬ್ಬ ರಕ್ಷಕ ಬರುತ್ತಾನೆ ಎಂಬ ಭವಿಷ್ಯವಾಣಿಯನ್ನು ಫ್ರೆಮೆನ್ನರಲ್ಲಿ ಬಿತ್ತಿಟ್ಟಿತ್ತು. ಉತ್ತರ ಸಾಕಾಗುತ್ತದೆಯೇ ಎಂಬುದನ್ನು ಗುಂಪು ಹೇಳಲಿ.

ಎರಡು, ಚಾನಿ. ಕಾದಂಬರಿಯಲ್ಲಿ ಕೊನೆಯವರೆಗೂ ಪಾಲ್‌ನ ಪಕ್ಕದಲ್ಲಿ ನಿಲ್ಲುವವಳು ಚಿತ್ರದಲ್ಲಿ ಭವಿಷ್ಯವಾಣಿಯನ್ನೇ ನಂಬದವಳು. ಫ್ರೆಮೆನ್ನರೊಳಗೆ ಉತ್ತರದವರ ಅನುಮಾನ, ದಕ್ಷಿಣದವರ ಕಟ್ಟಾ ಭಕ್ತಿ ಎಂಬ ಒಡಕನ್ನು ಚಿತ್ರ ಒತ್ತಿ ತೋರಿಸಿ, ಆ ಒಡಕಿನ ಮುಖವಾಗಿ ಅವಳನ್ನು ನಿಲ್ಲಿಸಿದೆ. ನಾಯಕನ ಆರಾಧನೆ ಅಪಾಯಕಾರಿ ಎಂಬುದು ಹರ್ಬರ್ಟ್‌ರ ಮೂಲ ಆಶಯವೇ, ಆದರೆ ಎಷ್ಟೋ ಓದುಗರು ಪಾಲ್‌ನನ್ನು ವೀರನೆಂದೇ ಓದಿಕೊಂಡರು. ಚಿತ್ರದ ನಿರ್ದೇಶಕ ಡೆನಿ ವಿಲ್ನೆವ್ ಅದನ್ನು ಚಾನಿಯ ಮೂಲಕ ತಿದ್ದಲು ಹೊರಟಿದ್ದಾರೆ. ಮಾಡಿದ್ದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ಜೊತೆಗೇ ಎತ್ತಬೇಕಾದ ಟೀಕೆ ಇನ್ನೊಂದಿದೆ: ಫ್ರೆಮೆನ್ನರ ಮಾತು, ಉಡುಪು, ನಂಬಿಕೆಗಳು ಅರಬ್ ಹಾಗೂ ಇಸ್ಲಾಮಿ ಲೋಕದಿಂದ ಬಂದಿವೆ, ಆದರೆ ಮುಖ್ಯ ಫ್ರೆಮೆನ್ ಪಾತ್ರಗಳಲ್ಲಿ ಆ ಪ್ರದೇಶದ ಮೂಲದವರು ತೀರಾ ಕಡಿಮೆ. ಕಾದಂಬರಿಯಲ್ಲಿದ್ದ ‘ಜಿಹಾದ್’ ಚಿತ್ರದಲ್ಲಿ ‘ಪವಿತ್ರ ಯುದ್ಧ’ವಾಗಿದೆ. ಈ ಮಾತಿಗೆ ಕನಿಷ್ಠ ಹತ್ತು ನಿಮಿಷ ಮೀಸಲಿಡಿ, ಕೊನೆಗೆ ಎದ್ದು ಹೋಗುವ ಹೊತ್ತಿನಲ್ಲಿ ತರಾತುರಿಯಲ್ಲಿ ಎತ್ತುವ ವಿಷಯ ಅದಲ್ಲ.

ಚಾನಿಯ ಬಗ್ಗೆ ಮಾತು ‘ಅವಳು ಮಾಡಿದ್ದು ಸರಿಯಾ’ ಎಂಬ ಪಂಚಾಯಿತಿಗೆ ಜಾರದಂತೆ ಒಂದು ಉಪಾಯವಿದೆ. ಮತ್ತೆ ಚೀಟಿ ಕೊಟ್ಟು, ಪಾಲ್ ದಕ್ಷಿಣದ ಸಭೆಯಲ್ಲಿ ತನ್ನನ್ನು ನಾಯಕನೆಂದು ಸಾರುವ ದೃಶ್ಯದಲ್ಲಿ ತಮಗೆ ನೆನಪಿರುವ ಮುಖ ಯಾರದು ಎಂದು ಬರೆಸಿ. ಕೂಗುತ್ತಿರುವ ಜನಸ್ತೋಮವಾ, ಪಾಲ್‌ನಾ, ಚಾನಿಯಾ? ಪಾಲ್ ಎಂದು ಬರೆದವರು ಜಾಸ್ತಿಯಿದ್ದರೆ ನಿರ್ದೇಶಕರ ತಿದ್ದುಪಡಿ ಆ ಗುಂಪಿನ ಮಟ್ಟಿಗೆ ಪೂರ್ತಿ ತಲುಪಿಲ್ಲ, ಯಾಕೆ ತಲುಪಲಿಲ್ಲ ಎಂದು ಅಲ್ಲಿಂದ ಕೇಳಬಹುದು: ಸಂಗೀತ ಪಾಲ್‌ನ ಪರವಾಗಿತ್ತೇ, ಕ್ಯಾಮೆರಾ ಅವನನ್ನು ಕೆಳಗಿನಿಂದ ನೋಡಿತೇ, ಚಾನಿಯ ಮುಖಕ್ಕೆ ಸಿಕ್ಕ ಸೆಕೆಂಡುಗಳು ಕಡಿಮೆಯಾದವೇ. ಚಿತ್ರದ ಕಟ್ಟಕಡೆಯ ಶಾಟ್ ಅವಳ ಮುಖದ್ದೇ. ಮೊದಲ ಚೀಟಿಯಲ್ಲಿ ಅದನ್ನು ಎಷ್ಟು ಜನ ಬರೆದಿದ್ದರು ಎಂದು ಆಗ ಎಣಿಸಿ.